ಹತ್ತು ತಿಂಗಳ ಅಡ್ವಾನ್ಸು

ಬೆಂಗಳೂರಿನಲ್ಲಿ ಮನೆ ಹುಡುಕುವವರು ಬಾಡಿಗೆ ಎಷ್ಟು ಎಂದು ಕೇಳಿದ ಉಸಿರಿನಲ್ಲೇ ಅಡ್ವಾನ್ಸ್ ಎಷ್ಟು ಎಂದೂ ಕೇಳುತ್ತಾರೆ. ಎಷ್ಟೋ ಸಲ ಈ ಎರಡನೆಯ ಪ್ರಶ್ನೆಯೇ ಮುಖ್ಯವಾಗುತ್ತದೆ. ತಿಂಗಳ ಬಾಡಿಗೆಯನ್ನು ಹತ್ತರಿಂದ ಗುಣಿಸಿ, ಆ ಮೊತ್ತವನ್ನು ಒಂದೇ ಗಂಟಿನಲ್ಲಿ ಎಣಿಸಿಕೊಟ್ಟ ಮೇಲೆ ಬೀಗದ ಕೈ ಸಿಗುವುದು. ಹೊರಗಿನಿಂದ ಬಂದವರು ಇದನ್ನು ಕೇಳಿ ಬೆಚ್ಚುತ್ತಾರೆ. ನಮಗೆ ಅಭ್ಯಾಸವಾಗಿಹೋಗಿದೆ. ಬಾಡಿಗೆ ಏರಿತು ಎಂದು ಎಲ್ಲರೂ ಗೊಣಗುತ್ತೇವೆ, ಪತ್ರಿಕೆಗಳೂ ಅದನ್ನೇ ಬರೆಯುತ್ತವೆ. ಅಡ್ವಾನ್ಸಿನ ವಿಷಯವನ್ನು ಮಾತ್ರ ಮಳೆ ಬಿಸಿಲಿನಂತೆ ಪ್ರಕೃತಿಯ ನಿಯಮವೆಂದು ಒಪ್ಪಿಕೊಂಡಿದ್ದೇವೆ. ಅದು ಹಾಗೇನೂ ಇರಲಿಲ್ಲ. ಅದಕ್ಕೂ ಒಂದು ಚರಿತ್ರೆಯಿದೆ. ನನಗೆ ಕಾಣುವ ಮಟ್ಟಿಗೆ, ಈ ಊರಿನಲ್ಲಿ ಯಾರಿಗೆ ಮನೆ ಎಟುಕಿತು, ಯಾರಿಗೆ ಎಟುಕಲಿಲ್ಲ ಎಂಬುದನ್ನು ತೀರ್ಮಾನಿಸುತ್ತ ಬಂದದ್ದು ತಿಂಗಳ ಬಾಡಿಗೆಗಿಂತ ಹೆಚ್ಚಾಗಿ ಈ ಗಂಟೇ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಬ್ಯಾಂಕಿನಲ್ಲಿ ಕುಳಿತು ಬಡ್ಡಿಯ ಲೆಕ್ಕ ಹಾಕಿದವಳು ನಾನು. ಆದ್ದರಿಂದ ಹೀಗೆ ಕಾಣುತ್ತಿದ್ದರೂ ಇರಬಹುದು.

ಇನ್ನೊಂದು ಕಾರಣ ನಮ್ಮ ತಂದೆಯವರ ಲೆಕ್ಕದ ಪುಸ್ತಕ. ಅವರು ತುಮಕೂರಿನ ಕಡೆಯ ಹಳ್ಳಿಯಿಂದ 1957ರಲ್ಲಿ ಸರ್ಕಾರಿ ಕಚೇರಿಯೊಂದಕ್ಕೆ ಗುಮಾಸ್ತರಾಗಿ ಬಂದವರು. ತೀರಿಹೋಗುವವರೆಗೂ ಸ್ವಂತ ಮನೆ ಮಾಡಲಿಲ್ಲ. ಕೆಂಪು ರಟ್ಟಿನ ಆ ಉದ್ದನೆಯ ಪುಸ್ತಕದಲ್ಲಿ ಹಾಲಿನ ಲೆಕ್ಕ, ಸೌದೆಯ ಲೆಕ್ಕಗಳ ನಡುವೆ ನಾವು ಬದಲಾಯಿಸಿದ ಮನೆಗಳದ್ದೇ ಒಂದು ಪುಟವಿದೆ. ಅದರ ಮೊದಲ ಸಾಲು ಹೀಗೆ: 1957, ಚಾಮರಾಜಪೇಟೆ, ವಠಾರದ ಮನೆ, ಬಾಡಿಗೆ 22 ರೂಪಾಯಿ, ಮುಂಗಡ 22 ರೂಪಾಯಿ. ಆಗ ಅವರ ಸಂಬಳ 110. ಸಂಬಳದ ಐದರಲ್ಲಿ ಒಂದು ಪಾಲು ಬಾಡಿಗೆ, ಅಷ್ಟೇ ಮುಂಗಡ. ಊರಿನಿಂದ ಬರುವಾಗ ಅಜ್ಜ ಕೈಗಿಟ್ಟ 50 ರೂಪಾಯಿಯಲ್ಲಿ ಮನೆ ಹಿಡಿದು, ಒಂದು ಸ್ಟೌವು, ಎರಡು ಚಾಪೆ ಕೊಂಡು, ಉಳಿದದ್ದರಲ್ಲಿ ಮೊದಲ ಸಂಬಳದವರೆಗೆ ಊಟ ಮಾಡಿದೆನೆಂದು ಅವರು ಹೇಳುತ್ತಿದ್ದರು.

ವಠಾರವೆಂದರೆ ಏನೆಂದು ಈಗಿನವರಿಗೆ ಹೇಳಬೇಕಾಗುತ್ತದೆ. ಚಾಮರಾಜಪೇಟೆ 1892ರಲ್ಲಿ ಹುಟ್ಟಿದ ಬಡಾವಣೆ. 1898ರಲ್ಲಿ ಊರಿಗೆ ಪ್ಲೇಗು ಬಂತು. ಪೇಟೆಯ ಇಕ್ಕಟ್ಟು ಗಲ್ಲಿಗಳಲ್ಲಿ ಗೋಡೆಗೆ ಗೋಡೆ ತಾಗಿಸಿಕೊಂಡು ಬದುಕಿದ್ದವರು ಇಲಿ ಬಿದ್ದ ಮನೆಗೆ ಬೀಗ ಹಾಕಿ ಊರಾಚೆ ಗುಡಿಸಲು ಹಾಕಿಕೊಂಡರು. ಅದರ ಹಿಂದೆಯೇ ಬಸವನಗುಡಿ, ಮಲ್ಲೇಶ್ವರಗಳು ತುಂಬಿಕೊಂಡವು. ಅಗಲವಾದ ಬೀದಿ, ಗಾಳಿ ಬೆಳಕು, ಮನೆಯ ಸುತ್ತ ಖಾಲಿ ಜಾಗ, ಇದು ಆ ಬಡಾವಣೆಗಳನ್ನು ಗೆರೆ ಎಳೆದವರ ಆಸೆ. ಆದರೆ ಊರಿಗೆ ಗಿರಣಿ ಬಂತು, ಕಚೇರಿ ಬಂತು, ಕಾಲೇಜು ಬಂತು. ಅವುಗಳ ಜೊತೆ ಸೈಟು ಕೊಳ್ಳುವ ಶಕ್ತಿಯಿಲ್ಲದ ಜನವೂ ಬಂದರು. ಆಗ ಉದ್ದನೆಯ ನಿವೇಶನಗಳಿದ್ದವರು ಬೀದಿಗೆ ಮುಖ ಮಾಡಿ ತಮ್ಮ ಮನೆಯನ್ನು ಇಟ್ಟುಕೊಂಡು, ಹಿಂದಿನ ಖಾಲಿ ಜಾಗದಲ್ಲಿ ಎದುರುಬದುರಾಗಿ ಮಂಗಳೂರು ಹೆಂಚಿನ ಚಿಕ್ಕ ಮನೆಗಳ ಸಾಲು ಕಟ್ಟಿಸಿದರು. ಒಂದು ನಡುಮನೆ, ಒಂದು ಅಡುಗೆಮನೆ, ಅದರ ಮೂಲೆಯಲ್ಲೇ ಬಚ್ಚಲು. ನಡುವೆ ಕಲ್ಲು ಹಾಸಿನ ಓಣಿ, ಓಣಿಯ ಕೊನೆಯಲ್ಲಿ ಎಲ್ಲರಿಗೂ ಸೇರಿದ ಪಾಯಿಖಾನೆ, ಒಂದು ಬಾವಿ ಅಥವಾ ಕೊಳಾಯಿ. ಪ್ಲೇಗಿನ ಗಲ್ಲಿಯಿಂದ ಓಡಿ ಬಂದ ಊರು ತನ್ನ ಹೊಸ ಬಡಾವಣೆಯ ಹಿತ್ತಿಲಿನಲ್ಲೇ ಮತ್ತೆ ಗಲ್ಲಿ ಕಟ್ಟಿಕೊಂಡಿತು.

ನಮ್ಮದರಲ್ಲಿ ಒಂಬತ್ತು ಮನೆ, ಒಂದು ಕೊಳಾಯಿ. ಬೆಳಿಗ್ಗೆ ನಾಲ್ಕೂವರೆಗೆ ನೀರು ಬರುತ್ತಿತ್ತು. ಹೆಂಗಸರು ರಾತ್ರಿಯೇ ಕೊಡಗಳನ್ನು ಸಾಲಾಗಿಟ್ಟು ಮಲಗುತ್ತಿದ್ದರು. ಕೊಳಾಯಿಯ ಜಗಳ, ಪಾಯಿಖಾನೆಯ ಸರದಿ, ಯಾರ ಮನೆಗೆ ಯಾವ ನೆಂಟರು ಬಂದರೆಂಬ ಸುದ್ದಿ ಇವನ್ನೆಲ್ಲ ಪ್ರೀತಿಯಿಂದ ನೆನೆದು ಬರೆಯುವವರು ಬಹಳ ಮಂದಿ ಇದ್ದಾರೆ. ನನಗೆ ಅಂಥ ಪ್ರೀತಿಯೇನೂ ಇಲ್ಲ. ನನ್ನ ತಾಯಿಗೆ ಅಲ್ಲಿ ಹತ್ತು ವರ್ಷ ಒಂದು ದಿನವೂ ಬಾಗಿಲು ಹಾಕಿಕೊಂಡು ಅಳುವುದಕ್ಕೆ ಸ್ಥಳವಿರಲಿಲ್ಲ. ಆದರೂ ವಠಾರದ ಒಂದು ಗುಣವನ್ನು ಹೇಳಬೇಕು. ಕೈಯಲ್ಲಿ ಒಂದು ತಿಂಗಳ ಬಾಡಿಗೆಯಷ್ಟೇ ಇದ್ದವನಿಗೂ ಅದರ ಬಾಗಿಲು ತೆರೆಯುತ್ತಿತ್ತು. ಮಾಲೀಕರು ಎದುರಿಗೇ ಇರುತ್ತಿದ್ದರು. ಬಾಡಿಗೆ ತಪ್ಪಿದರೆ ಐದನೇ ತಾರೀಖು ಬೆಳಿಗ್ಗೆ ಕೊಳಾಯಿಯ ಹತ್ತಿರವೇ ಕೇಳುತ್ತಿದ್ದರು. ಹೀಗೆ ಎಲ್ಲರ ಎದುರಿಗೆ ಕೇಳಿಸಿಕೊಳ್ಳುವ ನಾಚಿಕೆಗಿಂತ ದೊಡ್ಡ ಜಾಮೀನು ಅವರಿಗೆ ಬೇಕಿರಲಿಲ್ಲ.

ಆ 22 ರೂಪಾಯಿಯ ಹಿಂದೆ ಒಂದು ಕಾನೂನೂ ಇತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆಂಗಳೂರು ಹಿಗ್ಗಿದ ಪರಿಯನ್ನು ಜನಗಣತಿಯಲ್ಲಿ ನೋಡಬೇಕು. 1941ರಲ್ಲಿ ನಗರ, ದಂಡು ಎರಡೂ ಸೇರಿ ಸುಮಾರು 4 ಲಕ್ಷ ಜನ, 1951ಕ್ಕೆ 7.8 ಲಕ್ಷದ ಹತ್ತಿರ. ಹತ್ತು ವರ್ಷದಲ್ಲಿ ಹೆಚ್ಚುಕಡಿಮೆ ಎರಡರಷ್ಟು. 1940ರ ಕೊನೆಯಲ್ಲಿ ವಿಮಾನ ಕಾರ್ಖಾನೆ ಬಂದಿತ್ತು, ಯುದ್ಧದ ಪಡೆಗಳು ಬಂದಿದ್ದವು, 1948ರಲ್ಲಿ ಐಟಿಐ ಬಂತು. ಮನೆಗಳು ಮಾತ್ರ ಆ ಲೆಕ್ಕದಲ್ಲಿ ಬರಲಿಲ್ಲ. ಯುದ್ಧಕಾಲದ ಆದೇಶಗಳ ರೂಪದಲ್ಲಿ ಶುರುವಾದ ಬಾಡಿಗೆ ನಿಯಂತ್ರಣ ಮೈಸೂರು ಸಂಸ್ಥಾನದಲ್ಲಿ 1951ರ ಕಾಯಿದೆಯಾಗಿ, ಆಮೇಲೆ 1961ರ ಬಾಡಿಗೆ ನಿಯಂತ್ರಣ ಕಾಯಿದೆಯಾಗಿ ನಿಂತಿತು. ರಾಜ್ಯದ ಹೆಸರು ಬದಲಾದಾಗ ಅದೂ ಕರ್ನಾಟಕದ್ದಾಯಿತು. 2001ರ ಕೊನೆಯ ದಿನದವರೆಗೆ ಈ ಊರಿನ ಮನೆ ಬಾಡಿಗೆಯನ್ನು ಆಳಿದ್ದು ಅದೇ.

ಅದರ ಕಲಮುಗಳನ್ನು ಈಗ ಓದಿದರೆ ಆಶ್ಚರ್ಯವಾಗುತ್ತದೆ. ಮನೆ ಖಾಲಿಯಾದರೆ ಮಾಲೀಕ ಹದಿನೈದು ದಿನದೊಳಗೆ ಹೌಸ್ ರೆಂಟ್ ಕಂಟ್ರೋಲರಿಗೆ ತಿಳಿಸಬೇಕು. ಅದು ಯಾರಿಗೆ ಹೋಗಬೇಕೆಂದು ಅವರು ಹೇಳಬಹುದು. ಬಾಡಿಗೆ ಹೆಚ್ಚೆನಿಸಿದರೆ ಬಾಡಿಗೆದಾರ ನ್ಯಾಯವಾದ ಬಾಡಿಗೆ ಗೊತ್ತುಮಾಡಿಸಿಕೊಳ್ಳಬಹುದು. ಬಾಡಿಗೆಯ ಮೇಲೆ ಪಗಡಿ ಕೇಳಕೂಡದು. ಬಿಡಿಸಬೇಕಾದರೆ ಕಾಯಿದೆಯಲ್ಲಿ ಎಣಿಸಿಟ್ಟ ಕಾರಣಗಳಲ್ಲಿ ಒಂದಿರಬೇಕು. ಅವುಗಳಲ್ಲಿ ಹೆಸರುವಾಸಿಯಾದದ್ದು 21(1)(ಎಚ್), ಅಂದರೆ ಮಾಲೀಕನಿಗೆ ಮನೆ ನಿಜವಾಗಿಯೂ ಸ್ವಂತಕ್ಕೆ ಬೇಕಾಗಿರುವುದು. ಅದನ್ನು ಸಾಬೀತುಮಾಡಿದರೂ ಮುಗಿಯುವುದಿಲ್ಲ. ಬಿಟ್ಟುಕೊಟ್ಟರೆ ಬಾಡಿಗೆದಾರನಿಗಾಗುವ ಕಷ್ಟ ದೊಡ್ಡದೋ, ಬಿಟ್ಟುಕೊಡದಿದ್ದರೆ ಮಾಲೀಕನಿಗಾಗುವ ಕಷ್ಟ ದೊಡ್ಡದೋ ಎಂದು ನ್ಯಾಯಾಧೀಶರು ತೂಗಿ ನೋಡಬೇಕು. ಎರಡು ಸಂಸಾರಗಳ ಕಷ್ಟವನ್ನು ತಕ್ಕಡಿಗೆ ಹಾಕುವ ಈ ಕಲಮನ್ನು ಬರೆದವರು ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದಾರೆ. ಅದು ಇಲ್ಲದಿದ್ದರೆ ಐವತ್ತು ಅರವತ್ತರ ದಶಕದಲ್ಲಿ ನಮ್ಮಂಥ ಎಷ್ಟು ಸಂಸಾರಗಳು ಬೀದಿಗೆ ಬರುತ್ತಿದ್ದವೋ.

ಆದರೆ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಎಚ್‌ಆರ್‌ಸಿ ಕೇಸು ಹಾಕಿದವರು ವರ್ಷಗಟ್ಟಲೆ ಅಲೆದರು. ಅಲ್ಲಿ ಗೆದ್ದರೆ ಹೈಕೋರ್ಟಿಗೆ ರಿವಿಷನ್. ಮಗನ ಮದುವೆಗೆಂದು ಮನೆ ಕೇಳಿದವರಿಗೆ ಮೊಮ್ಮಗ ಶಾಲೆಗೆ ಸೇರುವ ಹೊತ್ತಿಗೆ ಮನೆ ಸಿಕ್ಕಿತೆಂಬುದು ತಮಾಷೆಯ ಮಾತಾದರೂ ಸುಳ್ಳಲ್ಲ. ಮಾಲೀಕ ಬಾಡಿಗೆ ತೆಗೆದುಕೊಳ್ಳಲು ಒಪ್ಪದಿದ್ದರೆ ಬಾಡಿಗೆದಾರ ಮನಿಯಾರ್ಡರ್ ಮಾಡುತ್ತಿದ್ದ. ಮಾಲೀಕ ಅದನ್ನು ವಾಪಸು ಕಳಿಸುತ್ತಿದ್ದ. ಬಾಡಿಗೆದಾರ ಆ ರಸೀತಿಗಳನ್ನು ದಾರದಲ್ಲಿ ಪೋಣಿಸಿಟ್ಟುಕೊಂಡು ಕೋರ್ಟಿನಲ್ಲಿ ತೋರಿಸುತ್ತಿದ್ದ. ಒಂದೇ ಕಾಂಪೌಂಡಿನಲ್ಲಿ ಇದ್ದವರು ಅಂಚೆಯವನ ಮೂಲಕ ಮಾತಾಡುತ್ತಿದ್ದ ಕಾಲ ಅದು.

ಇದರ ಪರಿಣಾಮ ಹೊಸದಾಗಿ ಮನೆ ಹುಡುಕುವವರ ಮೇಲಾಯಿತು. ಒಳಗೆ ಸೇರಿಕೊಂಡವನನ್ನು ಬಿಡಿಸುವುದು ಕಷ್ಟ, ಬಾಡಿಗೆ ಏರಿಸುವುದೂ ಕಷ್ಟ ಎಂದಾಗ ಮಾಲೀಕರು ಒಳಗೆ ಬಿಡುವ ಮೊದಲೇ ಎಲ್ಲವನ್ನೂ ನೋಡಿಕೊಳ್ಳತೊಡಗಿದರು. ಕೆಲವರು ಮನೆಗೆ ಬೀಗ ಹಾಕಿಟ್ಟರು. ಕೆಲವರು ವರ್ಗವಾಗುವ ನೌಕರಿಯವರಿಗೇ ಕೊಟ್ಟರು, ಏಕೆಂದರೆ ಅವರು ತಾವಾಗಿಯೇ ಹೋಗುತ್ತಾರೆ. ಕರಾರನ್ನು ಹನ್ನೊಂದು ತಿಂಗಳಿಗೆ ಬರೆಸುವ ಪದ್ಧತಿ ಗಟ್ಟಿಯಾಯಿತು. ವರ್ಷ ದಾಟಿದರೆ 1908ರ ನೋಂದಣಿ ಕಾಯಿದೆಯ ಪ್ರಕಾರ ರಿಜಿಸ್ಟರ್ ಮಾಡಿಸಬೇಕಾಗುತ್ತದೆ. ಇವೆಲ್ಲಕ್ಕಿಂತ ಸುಲಭವಾದ ಉಪಾಯ ಅಡ್ವಾನ್ಸ್. ಅದು ಮೂರು ಕೆಲಸಗಳನ್ನು ಒಟ್ಟಿಗೆ ಮಾಡುತ್ತಿತ್ತು. ಅದರ ಬಡ್ಡಿ ಬರುವುದರಿಂದ ಕಾಗದದಲ್ಲಿ ಬಾಡಿಗೆ ಕಡಿಮೆಯಿದ್ದರೂ ನಷ್ಟವಿಲ್ಲ. ಬಾಡಿಗೆ ನಿಲ್ಲಿಸಿದರೆ ಕೈಯಲ್ಲಿ ದುಡ್ಡಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಬಾಡಿಗೆದಾರನ ಉಳಿತಾಯವೆಲ್ಲ ಮಾಲೀಕನ ಬೀರುವಿನಲ್ಲಿದ್ದರೆ ಅವನು ಕೋರ್ಟಿಗೆ ಹೋಗುವ ಮೊದಲು ಎರಡು ಸಲ ಯೋಚಿಸುತ್ತಾನೆ. ಪಗಡಿಯಾದರೆ ಕಾನೂನಿಗೆ ವಿರೋಧ. ಇದು ಹೋಗುವಾಗ ವಾಪಸು ಕೊಡುವ ಹಣವಲ್ಲವೇ?

ನಮ್ಮ ಪುಸ್ತಕದಲ್ಲಿ ಇದು ಹಂತಹಂತವಾಗಿ ಕಾಣುತ್ತದೆ. 1967ರಲ್ಲಿ ಹನುಮಂತನಗರ, ಬಾಡಿಗೆ 55, ಅಡ್ವಾನ್ಸ್ 200. ಸಂಬಳ 240. 1974ರಲ್ಲಿ ಜಯನಗರದಲ್ಲಿ ಒಂದು ಮನೆಯ ಹಿಂದಿನ ಪೋರ್ಷನ್, ಬಾಡಿಗೆ 140, ಅಡ್ವಾನ್ಸ್ 1,000. ಸಂಬಳ 520. 1983ರಲ್ಲಿ ಬನಶಂಕರಿ, ಬಾಡಿಗೆ 450, ಅಡ್ವಾನ್ಸ್ 4,500. ಸಂಬಳ 1,650. ಬಾಡಿಗೆ ಸಂಬಳದ ಐದನೆಯ ಒಂದು ಪಾಲಿನಿಂದ ಕಾಲುಭಾಗವನ್ನು ಸ್ವಲ್ಪ ದಾಟಿತು, ಅಷ್ಟೆ. ಅದನ್ನು ಮಾತ್ರ ನೋಡಿದವರು ಇಪ್ಪತ್ತಾರು ವರ್ಷದಲ್ಲಿ ದೊಡ್ಡ ಬದಲಾವಣೆಯೇನೂ ಆಗಲಿಲ್ಲವೆನ್ನಬಹುದು. ಆದರೆ ಮನೆಯೊಳಗೆ ಕಾಲಿಡಲು ಮೊದಲು 22 ರೂಪಾಯಿ, ಅಂದರೆ ಆರು ದಿನದ ಸಂಬಳ ಸಾಕಿತ್ತು. 1983ಕ್ಕೆ ಎರಡು ಮುಕ್ಕಾಲು ತಿಂಗಳ ಸಂಬಳ ಬೇಕಾಯಿತು. ಕೈಯಿಂದ ಬಾಯಿಗೆ ಬದುಕುವ ಗುಮಾಸ್ತನ ಮನೆಯಲ್ಲಿ ಎರಡು ಮುಕ್ಕಾಲು ತಿಂಗಳ ಸಂಬಳ ಎಲ್ಲಿಂದ ಬರಬೇಕು?

1974ರಲ್ಲಿ ಅದು ಅಮ್ಮನ ಕೈಬಳೆಗಳಿಂದ ಬಂತು. ಗಾಂಧಿಬಜಾರಿನ ಹತ್ತಿರ ಒಂದು ಗಿರವಿ ಅಂಗಡಿಯಲ್ಲಿ ಅವನ್ನಿಟ್ಟು 800 ತಂದರು. ಮೂರು ವರ್ಷ ಬಡ್ಡಿ ಕಟ್ಟಿ ಬಿಡಿಸಿಕೊಂಡರು. ಆ ಮೂರು ವರ್ಷ ಮದುವೆ ಮುಂಜಿಗಳಿಗೆ ಹೋಗುವಾಗ ಅಮ್ಮ ಗಾಜಿನ ಬಳೆಗಳನ್ನೇ ಒತ್ತೊತ್ತಾಗಿ ಏರಿಸಿಕೊಳ್ಳುತ್ತಿದ್ದರು. 1983ರಲ್ಲಿ ಆ ಮನೆ ಬಿಡುವಾಗ ಮಾಲೀಕರು ಸುಣ್ಣ ಬಣ್ಣಕ್ಕೆಂದು 180 ಹಿಡಿದುಕೊಂಡು 820 ವಾಪಸು ಕೊಟ್ಟರು. ಒಂಬತ್ತು ವರ್ಷ ಅವರ ಹತ್ತಿರವಿದ್ದ ಹಣಕ್ಕೆ ಬಡ್ಡಿಯಿಲ್ಲ. ಅಷ್ಟರಲ್ಲಿ ಕಾಲ ಬದಲಾಗಿ ಆ 820 ಹೊಸ ಮನೆಯ ಅಡ್ವಾನ್ಸಿನ ಐದನೆಯ ಒಂದು ಪಾಲೂ ಆಗಲಿಲ್ಲ. ಬಳೆಗಳು ಮತ್ತೆ ಅಂಗಡಿಗೆ ಹೋದವು. ಈ ಸಲ ಬಿಡಿಸಿದ್ದು ನಾನು, ನನ್ನ ಸಂಬಳದಲ್ಲಿ.

ಆ ಜಯನಗರದ ಮಾಲೀಕರನ್ನು ದುಷ್ಟರೆಂದು ಯಾರೂ ತಿಳಿಯಬಾರದು. ಅವರು ನಿವೃತ್ತ ಹೈಸ್ಕೂಲ್ ಮೇಷ್ಟರು. 1945ರಲ್ಲಿ ಸ್ಥಾಪನೆಯಾದ ಸಿಐಟಿಬಿ ಹಂಚಿದ ಸೈಟಿನಲ್ಲಿ ಸಾಲ ಮಾಡಿ ಕಟ್ಟಿಸಿದ ಮನೆ. ಹಿಂದಿನ ಪೋರ್ಷನ್ನಿನ ಬಾಡಿಗೆಯಿಂದಲೇ ಸಾಲದ ಕಂತು ತೀರಬೇಕು. ಬೆಂಗಳೂರಿನ ಮನೆ ಮಾಲೀಕರಲ್ಲಿ ಬಹಳಷ್ಟು ಜನ ಇಂಥವರೇ. ಬೀದಿಗಟ್ಟಲೆ ಮನೆಯಿದ್ದ ಸಾಹುಕಾರರು ಕಡಿಮೆ. ಮೇಷ್ಟರ ಅಣ್ಣನ ಮನೆಯಲ್ಲಿ ಒಬ್ಬ ಬಾಡಿಗೆದಾರ ಹದಿನಾಲ್ಕು ವರ್ಷದಿಂದ ಕೂತಿದ್ದ, ಕೇಸು ನಡೆಯುತ್ತಿತ್ತು. "ನಿಮ್ಮ ಮೇಲೆ ಅಪನಂಬಿಕೆಯಲ್ಲ ರಾಯರೇ, ಕಾಲದ ಮೇಲೆ" ಎಂದು ಅವರು ನಮ್ಮ ತಂದೆಗೆ ಹೇಳಿ ದುಡ್ಡನ್ನು ಎರಡು ಸಲ ಎಣಿಸಿದ್ದರು. ಅಮ್ಮ ಜ್ವರದಲ್ಲಿ ಮಲಗಿದಾಗ ಅವರ ಹೆಂಡತಿಯೇ ಒಂದು ವಾರ ಗಂಜಿ, ಸಾರು ಕಳಿಸಿದರು. ಎರಡೂ ನಿಜ.

1971ರಿಂದ 1981ರ ಹತ್ತು ವರ್ಷಗಳಲ್ಲಿ ಬೆಂಗಳೂರಿನ ಜನಸಂಖ್ಯೆ ನೂರಕ್ಕೆ 76ರಷ್ಟು ಏರಿ 29 ಲಕ್ಷ ಮುಟ್ಟಿತು. ಸಾರ್ವಜನಿಕ ಕಾರ್ಖಾನೆಗಳು ತಮ್ಮ ಕೆಲಸಗಾರರಲ್ಲಿ ಒಂದು ಪಾಲಿಗೆ ಟೌನ್‌ಷಿಪ್ ಕಟ್ಟಿಕೊಟ್ಟವು, ಉಳಿದವರು ಊರಿನಲ್ಲಿ ಮನೆ ಹುಡುಕಿದರು. 1976ರಲ್ಲಿ ಬಿಡಿಎ ಬಂತು. ಅದೇ ವರ್ಷ ನಗರ ಭೂಮಿತಿ ಕಾಯಿದೆ ಬಂದು ಬೆಂಗಳೂರಿನಲ್ಲಿ ಒಬ್ಬರು 1,000 ಚದರ ಮೀಟರಿಗಿಂತ ಹೆಚ್ಚು ಖಾಲಿ ಜಾಗ ಇಟ್ಟುಕೊಳ್ಳಬಾರದೆಂದಿತು. ಎರಡೂ ಸೈಟಿನ ಚಿಂತೆಯವು. ಸೈಟೇ ಬೇಡ, ಇರುವುದಕ್ಕೆ ಎರಡು ಕೋಣೆ ಸಿಕ್ಕರೆ ಸಾಕೆಂದವನ ಚಿಂತೆ ಮಾಡುವವರಿರಲಿಲ್ಲ. ನಮ್ಮಲ್ಲಿ ವಸತಿಯೆಂದರೆ ಇವತ್ತಿಗೂ ನಿವೇಶನ ಹಂಚುವುದೇ. ಬಾಡಿಗೆದಾರನೆಂದರೆ ಇನ್ನೂ ಮನೆ ಕಟ್ಟದವನು, ನಾಳೆ ಕಟ್ಟುವವನು ಎಂಬ ಭಾವನೆ.

ಇಲ್ಲಿ ಭೋಗ್ಯದ ಮಾತು ಹೇಳದಿದ್ದರೆ ಅಡ್ವಾನ್ಸಿನ ಕತೆ ಪೂರ್ತಿಯಾಗುವುದಿಲ್ಲ. ಹೊಲವನ್ನು ಭೋಗ್ಯಕ್ಕೆ ಹಾಕುವುದು ನಮ್ಮ ಹಳ್ಳಿಗಳಲ್ಲಿ ಹಳೆಯದು: ಸಾಲ ಕೊಟ್ಟವನು ಬಡ್ಡಿಯ ಬದಲು ಬೆಳೆ ತಿನ್ನುತ್ತಾನೆ. ಬೆಂಗಳೂರು ಅದನ್ನು ಮನೆಗೆ ಹೊಂದಿಸಿಕೊಂಡಿತು. ಈಗ ಅದಕ್ಕೆ ಲೀಸು ಎನ್ನುತ್ತಾರೆ. ಒಂದು ದೊಡ್ಡ ಮೊತ್ತ ಕೊಟ್ಟರೆ ಎರಡು ಮೂರು ವರ್ಷ ಬಾಡಿಗೆಯಿಲ್ಲ. ಬಿಡುವಾಗ ಮೊತ್ತ ಪೂರ್ತಿ ವಾಪಸು. ಹೆಣ್ಣುಮಕ್ಕಳ ಮದುವೆಗೋ ಮೇಲಂತಸ್ತು ಕಟ್ಟುವುದಕ್ಕೋ ಹಣ ಬೇಕಾದ ಮಾಲೀಕನಿಗೆ ಇದು ಬ್ಯಾಂಕಿಗಿಂತ ಸಲೀಸು. ಊರಿನಲ್ಲಿ ಜಮೀನು ಮಾರಿ ಬಂದವನಿಗೂ ತಿಂಗಳು ತಿಂಗಳು ಬಾಡಿಗೆ ಹೊಂದಿಸುವ ತಾಪತ್ರಯವಿಲ್ಲ. ಲೆಕ್ಕ ನೋಡಿ. ಬಡ್ಡಿ ವರ್ಷಕ್ಕೆ ನೂರಕ್ಕೆ 12 ಇದ್ದ ಕಾಲದಲ್ಲಿ ತಿಂಗಳಿಗೆ 5,000 ಬಾಡಿಗೆಯ ಮನೆಗೆ 5 ಲಕ್ಷ ಭೋಗ್ಯ ಸರಿಹೋಗುತ್ತದೆ. ಬಡ್ಡಿ ನೂರಕ್ಕೆ 6ಕ್ಕೆ ಇಳಿದರೆ ಅದೇ ಮನೆಗೆ 10 ಲಕ್ಷ ಬೇಕು. ತೊಂಬತ್ತರ ದಶಕದ ಆಮೇಲೆ ಬಡ್ಡಿ ದರಗಳು ಇಳಿದಾಗ ಸಾಲ ಮಾಡಿ ಮನೆ ಕೊಂಡವರು ಸಂತೋಷಪಟ್ಟರು. ಭೋಗ್ಯದ ಮನೆ ಹುಡುಕುವವರಿಗೆ ಅದೇ ಇಳಿತ ಭಾರವಾಯಿತು. ಬ್ಯಾಂಕಿನ ಕೌಂಟರಿನ ಈಚೆ ಕುಳಿತ ನನಗೆ ಇದು ತಡವಾಗಿ ಹೊಳೆಯಿತೆನ್ನಿ. ಭೋಗ್ಯಕ್ಕೆ ಇನ್ನೊಂದು ಅಪಾಯವೂ ಇದೆ. ಮಾಲೀಕ ಆ ಹಣವನ್ನು ಖರ್ಚು ಮಾಡಿರುತ್ತಾನೆ. ಹಳೆಯ ಬಾಡಿಗೆದಾರನಿಗೆ ವಾಪಸು ಕೊಡುವುದು ಹೊಸ ಬಾಡಿಗೆದಾರ ತಂದಾಗ. ಮನೆಯ ಮೇಲೆ ಮೊದಲೇ ಬ್ಯಾಂಕಿನ ಸಾಲವಿದ್ದು ಅದು ಬಾಕಿ ಬಿದ್ದರಂತೂ ಒಂದು ದಿನ ಬಾಗಿಲಿಗೆ ನೋಟೀಸು ಅಂಟುತ್ತದೆ. ಒಳಗಿರುವವರ ಜೀವಮಾನದ ದುಡ್ಡು ಹೊರಗೆ ಎಲ್ಲಿ ಹೋಯಿತೋ.

ಹಳೆಯ ಕಾಯಿದೆ ಸಾಕಾಯಿತೆಂದು ಎಲ್ಲರಿಗೂ ಅನ್ನಿಸತೊಡಗಿತ್ತು. ಕೇಂದ್ರ ಸರ್ಕಾರ 1992ರಲ್ಲಿ ಒಂದು ಮಾದರಿ ಕಾಯಿದೆಯನ್ನು ಹಂಚಿತು. ಅದೇ ದಾರಿಯಲ್ಲಿ ಬಂದ ನಮ್ಮ 1999ರ ಬಾಡಿಗೆ ಕಾಯಿದೆ 2001ರ ಡಿಸೆಂಬರ್ 31ರಂದು ಜಾರಿಗೆ ಬಂತು. ಅದರಲ್ಲೊಂದು ಗೆರೆ ಎಳೆದರು: ಬೆಂಗಳೂರಿನಂಥ ನಗರಗಳಲ್ಲಿ ತಿಂಗಳಿಗೆ 3,500ಕ್ಕಿಂತ ಹೆಚ್ಚು ಬಾಡಿಗೆಯ ವಾಸದ ಮನೆಗಳು, ಬೇರೆ ಕಡೆ 2,000ಕ್ಕಿಂತ ಹೆಚ್ಚಿನವು ಈ ಕಾಯಿದೆಗೆ ಒಳಪಡುವುದಿಲ್ಲ. ಅವಕ್ಕೆ 1882ರ ಸ್ವತ್ತು ವರ್ಗಾವಣೆ ಕಾಯಿದೆ. ಅದರ ಪ್ರಕಾರ ತಿಂಗಳ ಬಾಡಿಗೆಯವನಿಗೆ ಹದಿನೈದು ದಿನದ ನೋಟೀಸು ಕೊಟ್ಟರೆ ಸಾಕು. 2001ರಲ್ಲಿ ಈ ಗೆರೆಗೆ ಅರ್ಥವಿತ್ತು. 3,500 ಕೊಡಬಲ್ಲವನು ಹೇಗಾದರೂ ಬದುಕಿಕೊಳ್ಳುತ್ತಾನೆ, ಬಡವನಿಗೆ ರಕ್ಷಣೆಯಿರಲಿ ಎಂಬ ಲೆಕ್ಕ. ಆದರೆ ಬೆಲೆ ಏರಿದ ಹಾಗೆ ಆ ಗೆರೆಯೂ ಏರಬೇಕೆಂದು ಯಾರೂ ಬರೆಯಲಿಲ್ಲ. 1998ರಲ್ಲಿ ವೈಟ್‌ಫೀಲ್ಡಿನ ಐಟಿ ಪಾರ್ಕ್ ತೆರೆದಾಗಿತ್ತು. ಊರು ಆ ಕಡೆಗೂ, ಹೊಸೂರು ರಸ್ತೆಯ ಕಡೆಗೂ ಓಡಿತು. 1986ರಲ್ಲಿ ಬೇರೆಯಾದ ಬೆಂಗಳೂರು ನಗರ ಜಿಲ್ಲೆಯಲ್ಲಿ 2011ಕ್ಕೆ 96 ಲಕ್ಷ ಜನ. ಮನೆಗಳ ಬಾಡಿಗೆ ಒಂದೊಂದಾಗಿ 3,500 ದಾಟಿ ಕಾಯಿದೆಯ ನೆರಳಿನಿಂದ ಆಚೆ ಬಂತು. ಯಾವ ವಿಧಾನಸಭೆಯೂ ರದ್ದು ಮಾಡದೆ ಬಾಡಿಗೆದಾರರ ರಕ್ಷಣೆ ಹೀಗೆ ಹಣದುಬ್ಬರದಿಂದಲೇ ಕರಗಿಹೋಯಿತು.

ಮಜವೆಂದರೆ, ಬಾಡಿಗೆದಾರ ಎದ್ದುಹೋಗುವುದಿಲ್ಲವೆಂಬ ಭಯದಿಂದ ಬೆಳೆದ ಅಡ್ವಾನ್ಸ್ ಆ ಭಯ ಕಡಿಮೆಯಾದ ಮೇಲೂ ಹೋಗಲಿಲ್ಲ. ರೂಢಿಯಾಗಿತ್ತು, ಜೊತೆಗೆ ಲಾಭವೂ ಇತ್ತು. ದುಬಾರಿ ಅಪಾರ್ಟ್‌ಮೆಂಟುಗಳಲ್ಲಿ ಕಂಪನಿ ನೌಕರರು ಚೌಕಾಸಿ ಮಾಡಿ ಐದಕ್ಕೋ ಆರಕ್ಕೋ ಇಳಿಸಿಕೊಂಡರು. 2020ರ ಲಾಕ್‌ಡೌನಿನಲ್ಲಿ ಅವರು ಊರು ಬಿಟ್ಟಾಗ ಗೇಟುಗೇಟಿನಲ್ಲೂ ಟು ಲೆಟ್ ಬೋರ್ಡು ತೂಗಿದವು. 2022ರಲ್ಲಿ ಅವರು ವಾಪಸು ಬಂದಾಗ ಬಾಡಿಗೆ ಒಮ್ಮೆಲೇ ಜಿಗಿಯಿತು. 2023ರಲ್ಲಿ ಬಾಡಿಗೆಗೆ ಬರುವ ಹುಡುಗನ ಪಿಯುಸಿ ಅಂಕಪಟ್ಟಿ ಕೇಳಿದ ಸುದ್ದಿಯೂ ಪತ್ರಿಕೆಗಳಲ್ಲಿ ಬಂತು. ಎಲ್ಲರೂ ನಕ್ಕರು. ನೀವು ಯಾವ ಜನ, ಮಾಂಸ ತಿನ್ನುತ್ತೀರಾ ಎಂದು ಬಾಗಿಲಲ್ಲೇ ಕೇಳಿಸಿಕೊಂಡು, ಅಡ್ವಾನ್ಸ್ ಕೈಯಲ್ಲಿದ್ದರೂ ವಾಪಸು ಹೋದವರಿಗೆ ಅಂಕಪಟ್ಟಿಯ ಪ್ರಶ್ನೆ ಅಷ್ಟು ಹೊಸದಾಗಿ ಕಂಡಿರಲಾರದು.

ನಮ್ಮ ಮನೆಗೆಲಸಕ್ಕೆ ಬರುವ ಹೆಂಗಸು ಆ ವರ್ಷವೇ ಮನೆ ಬದಲಾಯಿಸಬೇಕಾಯಿತು. ಮಾಲೀಕರು ಹಳೆಯ ಮನೆ ಕೆಡವಿ ನಾಲ್ಕಂತಸ್ತು ಕಟ್ಟುವವರಿದ್ದರು. ಸಾರಕ್ಕಿಯ ಹಿಂದೆ ಒಂದು ಕೋಣೆ, ಒಂದು ಅಡುಗೆಮನೆ. ಬಾಡಿಗೆ 5,000, ಅಡ್ವಾನ್ಸ್ 50,000. ಹಳೆಯ ಮನೆಯ 30,000ದಲ್ಲಿ ಪೇಂಟಿಂಗಿಗೆಂದು 4,000 ಹೋಗಿ 26,000 ಕೈಗೆ ಬಂತು. ಕೆಡವುವ ಮನೆಗೆ ಎಂಥ ಪೇಂಟಿಂಗೋ, ಕೇಳುವಂತಿರಲಿಲ್ಲ. ಉಳಿದ 24,000 ಕ್ಕೆ ಬೀದಿಯ ಬಡ್ಡಿಯವನ ಹತ್ತಿರ ನೂರಕ್ಕೆ ಐದರಂತೆ ಸಾಲ. ತಿಂಗಳಿಗೆ ಬಡ್ಡಿಯೇ 1,200.

"ಬಾಡಿಗೆ ಹೆಂಗೋ ಕಟ್ಕೊಂಡು ಹೋಗ್ಬೋದು ಕಣಮ್ಮ, ಐದು ಮನೆ ಕೆಲಸ ಐತೆ" ಎಂದಳು. "ಅಡ್ವಾನ್ಸೇ ಕುತ್ತಿಗೆಗೆ ಬರೋದು. ಅದು ನನ್ ದುಡ್ಡೇ ಅಂತಾರೆ, ನನ್ ಕಣ್ಣಿಗೆ ಮಾತ್ರ ಕಾಣ್ಸಲ್ಲ."

ಅವಳು ಹೋದ ಮೇಲೆ ಒಂದು ಹಾಳೆಯಲ್ಲಿ ಲೆಕ್ಕ ಹಾಕಿದೆ. ಹತ್ತು ತಿಂಗಳ ಅಡ್ವಾನ್ಸಿನ ಭಾರ ಎಲ್ಲರಿಗೂ ಒಂದೇ ಅಲ್ಲ. ಬ್ಯಾಂಕಿನಲ್ಲಿ ವರ್ಷಕ್ಕೆ ನೂರಕ್ಕೆ 7 ಸಿಗುವ ಠೇವಣಿಯನ್ನು ಮುರಿದು 50,000 ಕೊಡುವ ಎಂಜಿನಿಯರ್ ಕಳೆದುಕೊಳ್ಳುವುದು ತಿಂಗಳಿಗೆ ಸುಮಾರು 290 ರೂಪಾಯಿ. ಅವನ ಬಾಡಿಗೆ 5,000 ಇದ್ದದ್ದು ನಿಜವಾಗಿ 5,290. ಮನೆ ಒಡವೆಯನ್ನು ತಿಂಗಳಿಗೆ ನೂರಕ್ಕೆ ಒಂದೂವರೆಯಂತೆ ಗಿರವಿಯಿಟ್ಟು ತರುವವರಿಗೆ 750. ಪೂರ್ತಿ ಹಣವನ್ನು ನೂರಕ್ಕೆ ಐದರಂತೆ ತರುವವರಿಗೆ 2,500, ಅಂದರೆ ಬಾಡಿಗೆಯ ಅರ್ಧ. ಒಂದೇ ಮನೆ, ಒಂದೇ ಕರಾರು ಪತ್ರ, ಛಾಪಾ ಕಾಗದದ ಮೇಲೆ ಬರೆದ ಬಾಡಿಗೆಯೂ ಒಂದೇ. ಆದರೆ ಬಡವರಾದಷ್ಟೂ ಕೊಡುವ ಬಾಡಿಗೆ ಹೆಚ್ಚು. ಬಾಡಿಗೆ ಸಂಬಳದ ಎಷ್ಟು ಪಾಲು ಎಂದು ಅಳೆಯುವ ಯಾವ ಸಮೀಕ್ಷೆಗೂ ಈ 1,200 ಸಿಕ್ಕಲಾರದು. ಅದು ಅವಳ ಮನೆಯ ಲೆಕ್ಕದಲ್ಲಿ ಸಾಲದ ಖಾತೆಗೆ ಹೋಗುತ್ತದೆ.

ಕೇಂದ್ರ ಸಚಿವ ಸಂಪುಟ 2021ರ ಜೂನಿನಲ್ಲಿ ಇನ್ನೊಂದು ಮಾದರಿ ಬಾಡಿಗೆ ಕಾಯಿದೆಯನ್ನು ಒಪ್ಪಿತು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಪಡೆಯಬಾರದು, ಬಿಡಿಸುವ ಕೇಸುಗಳು ಬೇಗ ಮುಗಿಯಬೇಕು ಎಂದು ಅದರಲ್ಲಿದೆ. ಎರಡೂ ಒಟ್ಟಿಗೆ ಬಂದರೆ ಮಾತ್ರ ಉಪಯೋಗವೆಂದು ನನ್ನ ಅಭಿಪ್ರಾಯ. ಠೇವಣಿಯನ್ನು ಮಾತ್ರ ಇಳಿಸಿ ಕೋರ್ಟನ್ನು ಹಾಗೇ ಬಿಟ್ಟರೆ ನಮ್ಮ ಮೇಷ್ಟರಂಥವರು ಮತ್ತೆ ಬೀಗ ಹಾಕಿಡುತ್ತಾರೆ. 2011ರ ಜನಗಣತಿಯಲ್ಲೇ ದೇಶದ ನಗರಗಳಲ್ಲಿ ಸುಮಾರು 1.1 ಕೋಟಿ ಮನೆಗಳು ಖಾಲಿ ಬಿದ್ದಿದ್ದವು. ಮಾದರಿ ಕಾಯಿದೆ ಮಾದರಿ ಮಾತ್ರ. ಜಾರಿಗೆ ತರುವುದು ಆಯಾ ರಾಜ್ಯಕ್ಕೆ ಬಿಟ್ಟದ್ದು.

ಎರಡು ತಿಂಗಳ ಲೆಕ್ಕದಲ್ಲಿ ಅವಳು ಕೊಡಬೇಕಿದ್ದದ್ದು 10,000. ಹಳೆಯ ಮನೆಯಿಂದ ಬಂದ 26,000ದಲ್ಲಿ ಅದನ್ನು ಕೊಟ್ಟು 16,000 ಉಳಿಯುತ್ತಿತ್ತು. ಮಗಳ ಪಿಯುಸಿ ಫೀಜಿಗೆ ಆಗುತ್ತಿತ್ತು ಎಂದು ನಾನು ಕೇಳದಿದ್ದರೂ ಅವಳೇ ಹೇಳಿದಳು.